ಮಂಕಾದ ಎಡ ಭುಜ

ಅಪ್ಪ ಸುಳ್ಳು ಹೇಳುತ್ತಿದ್ದಾನೆಂದು ಅವನ ಅಂಗಿಯೇ ಬಾಯಿಬಿಟ್ಟಿತು.

ಮಗಳದು ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹತ್ತಿ ಬಟ್ಟೆ ಬೆಳ್ಳಗೆ ಮಿಂಚಲೆಂದು ಗಿರಣಿಯವರು ಅದಕ್ಕೊಂದು ರಾಸಾಯನಿಕ ಬೆರೆಸುತ್ತಾರೆ. ನೇರಳಾತೀತ ದೀಪದಡಿ ಅದು ನೀಲಿಯಾಗಿ ಹೊಳೆಯುತ್ತದೆ. ದಿನಾ ಬಿಸಿಲು ಬಿದ್ದ ಜಾಗದಲ್ಲಿ ಆ ಹೊಳಪು ಮೆಲ್ಲಗೆ ಸಾಯುತ್ತದೆ. ಹೊಸ ದೀಪ ಬಂದಾಗ ತಮಾಷೆಗೆಂದು ಅಪ್ಪನ ಬಿಳಿ ಅಂಗಿಯನ್ನು ಮನೆಯಿಂದ ತಂದು ಅದರಡಿ ಹಿಡಿದಳು. ಮೈಯೆಲ್ಲ ನೀಲಿ. ಎಡ ಭುಜ ಮಾತ್ರ ಮಂಕು.

ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮಗಳ ಮನೆ ಸೇರಿದ್ದ. ಮಗಳು, ಅಳಿಯ ಕೆಲಸಕ್ಕೆ ಹೊರಟರೆ ತಾನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಓದುತ್ತ ಕೂರುತ್ತೇನೆ ಎನ್ನುತ್ತಿದ್ದ. ಅಲ್ಲಿ ಕಿಟಕಿಯೇ ಇಲ್ಲ.

“ಅಪ್ಪಾ, ದಿನಾ ಎಲ್ಲಿ ಬಿಸಿಲಲ್ಲಿ ಕೂತಿರ್ತೀಯ?”

“ಬಿಸಿಲಾ? ಸೋಪು ಸರಿ ಇಲ್ಲ ಕಣೇ.” ಅಪ್ಪ ಪೇಪರಿನ ಹಿಂದೆ ಮರೆಯಾದ.

ಅವಳು ಅದೇ ಮನೆಯಲ್ಲಿದ್ದ ಅತ್ತೆಯ ಕಿವಿಗೆ ಹಾಕಿದಳು. ಅತ್ತೆಯೂ ಒಂಟಿ, ಮಾವ ಹೋಗಿ ಎಂಟು ವರ್ಷ. ಅವರಿಗೂ ಅಪ್ಪನಿಗೂ ಎಣ್ಣೆ ಸೀಗೆಕಾಯಿ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಇವಳ ಮೂಲಕವೇ ಕೇಳುತ್ತಿದ್ದರು.

“ಬೀಗರಿಗೆ ಯಾರೋ ಗಂಟುಬಿದ್ದಿದಾಳೆ!” ಅತ್ತೆ ಮೂಗು ಮುರಿದರು. “ನೀನು ರಜೆ ಹಾಕ್ಬೇಡ. ನಾನೇ ಹಿಂದೆ ಹೋಗಿ ನೋಡ್ಕೊಂಡು ಬರ್ತೀನಿ.”

ಮೂರು ದಿನ ಹೋದರು. ನಾಲ್ಕನೆಯ ದಿನ ವರದಿ ಒಪ್ಪಿಸಿದರು: “ಸುಮ್ನೆ ಅನುಮಾನಪಟ್ವಿ ಕಣಮ್ಮ. ಪಾಪ, ಓದ್ತಾರೆ.”

ಹಾಗಾದರೆ ನಿಜವಾಗಿಯೂ ಸೋಪಿನದೇ ತಪ್ಪೇ? ಅವಳಿಗೆ ಮನಸ್ಸು ತಡೆಯಲಿಲ್ಲ. ಅದೇ ನೀರಿನಲ್ಲಿ ಒಗೆದು, ಅದೇ ರೀತಿ ಮನೆಯೊಳಗೇ ಒಣಗಿಸಿದ ಇನ್ನೊಂದು ಬಿಳಿ ಅಂಗಿಯನ್ನು ದೀಪದಡಿ ಹರಡಿದಳು. ಅದು ಅತ್ತೆಯ ಕುರ್ತಾ.

ಬಲ ಭುಜ ಮಂಕು. ಮೂರು ದಿನದ ಬಿಸಿಲಿಗೆ ಇಷ್ಟು ಮಂಕಾಗದು.

ಸಂಜೆ ಮನೆಯಲ್ಲಿ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು ಎರಡೂ ಅಂಗಿಗಳನ್ನು ಅವುಗಳಿಗೆ ತೊಡಿಸಿದಳು. ಮಂಕಾದ ಭುಜಗಳೆರಡೂ ಒಂದೇ ಪಕ್ಕಕ್ಕೆ ಬಂದವು; ಒಂದೇ ಮೇಜು, ಒಂದೇ ಕಿಟಕಿ. ಅಪ್ಪ ಕಳ್ಳ ಬೆಕ್ಕಿನ ಹಾಗೆ ನೆಲ ನೋಡಿದ. ಅತ್ತೆ ಮಾತ್ರ ಹಗುರಾಗಿ ಉಸಿರುಬಿಟ್ಟರು.

“ಅಬ್ಬಾ, ಹೇಳೋ ಕಷ್ಟ ತಪ್ಪಿತು! ನಾಳೆ ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಿಗೆ ಬಂದ್ಬಿಡು. ಒಂದು ಸಾಕ್ಷಿಗೆ ನಿನ್ನ ಗಂಡ ಹೋದ ವಾರವೇ ಒಪ್ಕೊಂಡಿದಾನೆ, ಇನ್ನೊಂದು ಸಹಿ ನಿಂದು.”