ಉಳಿದ ಮಾತು

“ಕೈ ತೊಳೆಯೋಕೆ ಸೋಪು ಮತ್ತೆ…” ಸ್ಪೀಚ್ ಥೆರಪಿಸ್ಟ್ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕಾದಳು.

ಅಪ್ಪ ಬಾಯಿ ತೆರೆದರು, ಮುಚ್ಚಿದರು. ಪಾರ್ಶ್ವವಾಯು ಬಡಿದು ಹತ್ತೊಂಬತ್ತು ದಿನ. ‘ನೀರು’ ಎಂಬ ಎರಡಕ್ಷರಕ್ಕೆ ಹಣೆ ಬೆವರುತ್ತಿತ್ತು. ಪಕ್ಕದಲ್ಲಿ ಕೂತ ಮಗಳು ಬ್ಯಾಗಿನ ಜಿಪ್ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಬೇರೆ ಪಕ್ಷಕ್ಕೆ ಮತ ಹಾಕಿದೆನೆಂದು ಅವಳು ಬಾಯಿಬಿಟ್ಟ ದಿನದಿಂದ ಅಪ್ಪ ಅವಳನ್ನು ‘ಮಗಳೇ’ ಎಂದು ಕರೆದಿರಲಿಲ್ಲ. ಈಗ ಕರೆಯಬೇಕೆಂದರೂ ನಾಲಿಗೆ ಹೊರಳದು. ಒಂದೇ ಒಂದು ಸಲ ಕರೆಯಲಿ ಎಂದು ಅವಳು ದಿನಾ ಬರುತ್ತಿದ್ದಳು.

“ಹೊಸದಾಗಿ ಹುಡುಕೋ ಮಾತು ಇವ್ರಿಗೆ ಸಿಗ್ತಿಲ್ಲ,” ಎಂದಳು ಥೆರಪಿಸ್ಟ್. “ ಆದ್ರೆ ಸಾವಿರ ಸಲ ಹೇಳಿದ್ದು ಒಳಗೆಲ್ಲೋ ಹಾಗೇ ಇರುತ್ತೆ. ಹಾಡೋ, ಮಗ್ಗಿಯೋ… ದಿನಾ ಏನ್ ಹೇಳ್ತಿದ್ರು?”

ಮಗಳು ನೆಲ ನೋಡಿದಳು. “ಹಾಡಲ್ಲ… ಟೀವಿ.”

“ಟೀವೀನೇ ಆಗ್ಲಿ, ಶುರು ಮಾಡಿ.”

“ನಾನಾ?”

“ಮತ್ತೆ ನಾನಾ? ನಿಮ್ಮನೆ ಟೀವಿ ನಂಗೇನ್ ಗೊತ್ತು!”

ಪ್ರತಿ ಸಂಜೆ ಚರ್ಚೆ ಮುಗಿಸುವಾಗ ಆ್ಯಂಕರ್ ಒಂದು ಘೋಷಣೆಯ ಅರ್ಧ ಕೂಗುತ್ತಿದ್ದ. ಉಳಿದರ್ಧವನ್ನು ಅಪ್ಪ ಕುರ್ಚಿಯಿಂದ ಕೂಗುತ್ತಿದ್ದರು. ಕೇಳಲಾರದೆ ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದನ್ನೀಗ ತಾನೇ ಹೇಳಬೇಕು.

“ನೆಲ ನಮ್ಮದು…”

“ದ್ರೋಹಿಗಳು ಆಚೆ!”

ಒಂದಕ್ಷರವೂ ತೊದಲಲಿಲ್ಲ. ಅಪ್ಪನೇ ಬೆಚ್ಚಿಬಿದ್ದರು. ಥೆರಪಿಸ್ಟ್ ಚಪ್ಪಾಳೆ ತಟ್ಟಿದಳು. “ಅಬ್ಬಬ್ಬಾ, ಏನ್ ಗಂಟಲು ಯಜಮಾನ್ರೇ! ಇನ್ನೊಂದ್ಸಲ.” ಇನ್ನೊಂದು ಸಲ, ಮತ್ತೊಂದು ಸಲ. ಮೊದಲರ್ಧ ಪ್ರತಿ ಸಲವೂ ಮಗಳದೇ. ಮೂರನೆಯ ಸಲಕ್ಕೆ ತನ್ನ ದನಿಯೂ ಏರಿದ್ದು ತಿಳಿದು ಅವಳಿಗೆ ಗಾಬರಿಯಾಯಿತು.

“ಬಿಸಿ ಆರೋದ್ರೊಳಗೆ ಮುಂದಿನದ್ದು,” ಎಂದು ಥೆರಪಿಸ್ಟ್ ಅಪ್ಪನ ಮುಖವನ್ನು ಮೆಲ್ಲಗೆ ಮಗಳತ್ತ ತಿರುಗಿಸಿದಳು. “ನೋಡಿ ಹೇಳಿ. ಇವಳು ನನ್ನ…”

ಅಪ್ಪ ಅವಳನ್ನೇ ನೋಡಿದರು. ತುಟಿ ಅದುರಿತು. ಆಡುವ ಎಡಗೈ ಎದ್ದು ಅವಳ ಕೆನ್ನೆಗೆ ಬಂತು.

“ದ್ರೋಹಿ.”

ಅವರ ಕಣ್ಣು ತುಂಬಿತ್ತು. ಕೊನೆಗೂ ಮಾತು ಸಿಕ್ಕಿತೆಂಬ ಸಂತೋಷಕ್ಕೆ ಮುಖವೆಲ್ಲ ನಗುವಾಗಿ, ಕೆನ್ನೆ ಸವರುತ್ತ, ಇನ್ನಷ್ಟು ಮೆತ್ತಗೆ ಮತ್ತೆ ಕರೆದರು: “ದ್ರೋಹೀ…”

“ಏನಪ್ಪಾ?” ಎಂದಳು ಅವಳು.