ಕಂದಕದ ಮೀನಿಗೆ ಮಂಡಕ್ಕಿ

ಯಮುನಮ್ಮ ಕೋಟೆಯ ಕಂದಕಕ್ಕೆ ಇನ್ನೊಂದು ಮುಷ್ಟಿ ಮಂಡಕ್ಕಿ ಎಸೆದು, ಬಾಯಿ ತೆರೆದು ಮೇಲೆದ್ದ ಮೀನುಗಳಿಗೆ ಕೈಮುಗಿದರು. "ಕೂಸೇ, ಬಾರೇ ಇಲ್ಲಿ! ಥೇಟ್ ನಮ್ಮ ಶೃಂಗೇರಿ ಹೊಳೆಯ ದೇವರ ಮೀನೇ ಮಾರಾಯ್ತಿ!"

ಕೋಟೆ ನೋಡಲು ಬಂದಿದ್ದ ಜರ್ಮನ್ನರೆಲ್ಲ ತಿರುಗಿ ನೋಡಿದರು. ಮೀನಿಗೆ ಏನೂ ಹಾಕಬಾರದೆಂಬ ಫಲಕದ ಪಕ್ಕದಲ್ಲೇ ನಿಂತಿದ್ದ ಚೈತ್ರಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಲ್ಲಿ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವಳೇ ರಜೆ ಹಾಕಿ, ಶೃಂಗೇರಿ ಪಕ್ಕದ ಮೆಣಸೆಯಿಂದ ಬಂದ ಅಮ್ಮನಿಗೆ ಕೋಟೆ ತೋರಿಸಲೆಂದು ಕರೆತಂದಿದ್ದಳು. ಆದರೂ ಗೋಪುರದ ಫೋಟೊ ತೆಗೆಯುವವಳ ಹಾಗೆ ಮೊಬೈಲ್ ಎತ್ತಿಕೊಂಡು ಅತ್ತ ಸರಿದಳು.

ಕಾವಲಿನವನು ಬಿರಬಿರನೆ ಬಂದು ಫಲಕ ತೋರಿಸಿ ಗದರಿದ. ಯಮುನಮ್ಮ ಕಣ್ಣು ಕಣ್ಣು ಬಿಟ್ಟರು. ಅವನು ಸುತ್ತ ನೋಡಿದ. ಅಲ್ಲಿ ನಮ್ಮ ಕಡೆಯ ಮುಖ ಇನ್ನೊಂದಿದ್ದರೆ ಅದು ಚೈತ್ರಳದು. ಇಬ್ಬರ ಕಡೆಗೂ ಬೆರಳಾಡಿಸಿ, "ಇವರು ನಿಮ್ಮವರಾ?" ಎಂದು ಜರ್ಮನ್‌ನಲ್ಲಿ ಕೇಳಿದ.

"ನೈನ್," ಎಂದಳು ಚೈತ್ರ.

ಅಂದ ಮೇಲೆ ಅವಳಿಗೆ ನೆನಪಾಯಿತು. ಬೆಳಿಗ್ಗೆ ಬಸ್ಸಿನಲ್ಲಿ "ಯಾ ಅಂದ್ರೆ ಹೌದು, ನೈನ್ ಅಂದ್ರೆ ಅಲ್ಲ. ಇವೆರಡು ಬಂದ್ರೆ ಸಾಕಮ್ಮ" ಎಂದು ಕಲಿಸಿದವಳು ಅವಳೇ. ಅಮ್ಮ ಕೋಟೆ ಬರುವವರೆಗೂ ಅದನ್ನೇ ಬಾಯಿಪಾಠ ಮಾಡಿದ್ದರು.

ಕಾವಲಿನವನಿಗೆ ನಂಬಿಕೆ ಬರಲಿಲ್ಲ. ಚೈತ್ರಳತ್ತ ಬೆರಳು ಮಾಡಿ ಅದೇ ಪ್ರಶ್ನೆಯನ್ನು ಯಮುನಮ್ಮನಿಗೆ ಕೇಳಿದ. ಅವರು ಮಂಡಕ್ಕಿ ಚೀಲದ ಬಾಯಿ ಮಡಚಿ ಸೆರಗಿನೊಳಗೆ ಇಟ್ಟುಕೊಂಡರು. ಮಗಳ ಮುಖವನ್ನೊಮ್ಮೆ ನೋಡಿದರು.

"ನೈನ್," ಎಂದರು, ಉಚ್ಚಾರ ಒಂಚೂರೂ ತಪ್ಪದೆ.