ದಲ್ಲಾಳಿ ಹೇಳಿದ ಸುಳ್ಳುಗಳು

‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಇನ್ನೂ ಗೇಟಿನಲ್ಲೇ ತೂಗುತ್ತಿತ್ತು.

ಇನ್ಸ್‌ಪೆಕ್ಟರ್ ಸ್ಕೂಟರ್ ನಿಲ್ಲಿಸಿ ಅದನ್ನು ಎರಡು ಸಲ ಓದಿದ. ಮುಂದೆ ನಿಂತಿದ್ದ ಏಳು ವರ್ಷದ ಮಗಳು ಬೋರ್ಡು ನೋಡಲಿಲ್ಲ, ಅಪ್ಪನ ಮುಖ ನೋಡಿದಳು.

“ಓನರ್ ತಮ್ಮ ಬರ್ತಾನೆ, ಮನೆ ಅವನಿಗೇ ಬೇಕಂತೆ ಅಂದ ಆ ದಲ್ಲಾಳಿ. ಹತ್ತು ದಿನ ಆಯ್ತು. ಎಲ್ಲಿ ತಮ್ಮ? ಹಾಕಿದ ಬೀಗ ಹಾಕಿದ ಹಾಗೇ ಇದೆ.”

“ಹೋಗ್ಲಿ ಬಿಡ್ರೀ,” ಎಂದಳು ಹಿಂದೆ ಕೂತಿದ್ದ ಹೆಂಡತಿ.

“ನಿಂಗೇನು ಗೊತ್ತಾಗುತ್ತೆ.”

ಅವನದು ತೂಕ ಮತ್ತು ಅಳತೆ ಇಲಾಖೆಯ ಕೆಲಸ. ತಳ ಕೊರೆದ ತೂಕದ ಬಟ್ಟು, ಒಂದು ಕಡೆ ವಾಲುವ ತಕ್ಕಡಿ, ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಯಾವ ಅಂಗಡಿಯಲ್ಲೂ ಒಂದು ಲೋಟ ಚಹಾ ಮುಟ್ಟಿದವನಲ್ಲ. ಅಂಥವನ ಕಣ್ಣಿಗೇ ಮಣ್ಣೆರಚಲು ಹೊರಟಿದ್ದ, ಒಬ್ಬ ಬಡಕಲು ದಲ್ಲಾಳಿ.

ಈಗಿರುವ ಮನೆಯನ್ನು ಕೆಡವಿ ಕಟ್ಟುತ್ತೇನೆಂದು ಅದರ ಓನರ್ ಹೇಳಿದ್ದ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಎರಡು ತಿಂಗಳಲ್ಲಿ ದಲ್ಲಾಳಿ ನಾಲ್ಕು ಮನೆ ತೋರಿಸಿದ್ದ. ನಾಲ್ಕೂ ಒಪ್ಪಿಗೆಯಾಗಿದ್ದವು. ಎರಡು ದಿನ ಕಳೆದರೆ ಸಾಕು, ಫೋನು ಬರುತ್ತಿತ್ತು: ಚರಂಡಿ ರಿಪೇರಿಯಂತೆ, ಮನೆ ಮಾರಿಬಿಟ್ಟರಂತೆ, ಓನರ್ ಮನಸ್ಸು ಬದಲಾಯಿಸಿದರಂತೆ, ತಮ್ಮ ಬರುತ್ತಾನಂತೆ. ಅಂತೆಕಂತೆಗಳ ಸಂತೆ.

“ಇನ್ನೂ ಮನೆ ಸಿಗ್ಲಿಲ್ವಾ ಸಾರ್?” ಎಂದು ಆಫೀಸಿನಲ್ಲಿ ಜವಾನನೂ ಕೇಳತೊಡಗಿದ್ದ. ಸಣ್ಣ ಸಂಸಾರ, ಸರ್ಕಾರಿ ಕೆಲಸ, ಕುಡಿತವಿಲ್ಲ, ಬೀಡಿಯಿಲ್ಲ. ಆದರೂ ಕಂಡವರ ಗೇಟಿನ ಮುಂದೆ ನಿಲ್ಲಬೇಕಲ್ಲ ಎಂದು ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ಅದರ ಮೇಲೆ ದಲ್ಲಾಳಿಯ ನಯವಿನಯ ಬೇರೆ. ಪ್ರತಿ ಮನೆಯಲ್ಲೂ, “ಅಮ್ಮಾವ್ರೇ, ನಿಮಗೆ ಹಿಡಿಸ್ತಾ?” ಎಂದು ಕೇಳುತ್ತಿದ್ದ. “ಅವಳಿಗೆ ಎಲ್ಲಾ ಹಿಡಿಸುತ್ತೆ,” ಎಂದು ಇನ್ಸ್‌ಪೆಕ್ಟರನೇ ಉತ್ತರ ಕೊಡುತ್ತಿದ್ದ. ಹೆಂಡತಿ ಒಳಕೋಣೆಯ ಚಿಲಕಗಳನ್ನು ಹಾಕಿ ತೆಗೆದು ನೋಡುವಳು. ಗೃಹಿಣಿಯ ಎಚ್ಚರ ಎಂದು ಅವನಿಗೆ ಮೆಚ್ಚುಗೆ. ಮಗಳು ಗೋಡೆ ತಟ್ಟಿ, “ದಪ್ಪ ಇದೆಯಾ ಅಮ್ಮಾ?” ಎಂದು ಪಿಸುಗುಟ್ಟುವಳು. ಮಕ್ಕಳ ಆಟ.

ದಲ್ಲಾಳಿಯ ಅಂಗಡಿ ಎರಡು ಬೀದಿ ಆಚೆ. ಒಳಗೆ ನಾಲ್ಕೈದು ಜನ ಕೂತಿದ್ದರು. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಶುರು ಮಾಡಿದ.

“ಆ ಮನೆ ಇನ್ನೂ ಖಾಲಿ ಇದೆ. ಯಾರು ಹೆಚ್ಚು ಕೊಡ್ತಾರೆ ಅಂತ ಕಾಯ್ತಿದ್ದೀಯಾ?”

“ಒಳಗೆ ಬನ್ನಿ ಸಾರ್, ಕೂತು ಮಾತಾಡೋಣ.”

“ಇಲ್ಲೇ ಮಾತಾಡು, ಎಲ್ಲರೂ ಕೇಳಲಿ. ನಿಮ್ಮ ಕಸುಬೇ ಇಷ್ಟು. ಬಾಯಿ ಬಿಟ್ಟರೆ ಸುಳ್ಳು.”

ಕೂತಿದ್ದವರು ತಲೆಯಾಡಿಸಿದರು. ದಲ್ಲಾಳಿಗಳ ವಿಷಯದಲ್ಲಿ ಯಾರಿಗೂ ಸಾಕ್ಷಿ ಬೇಕಿರಲಿಲ್ಲ. ಒಬ್ಬ ಎದ್ದೇ ಹೋದ.

“ತಪ್ಪು ನನ್ದೇ ಅಂತ ಇಟ್ಕೊಳಿ,” ಎಂದ ದಲ್ಲಾಳಿ, ಮೆಲ್ಲಗೆ. “ಓನರ್ ಹತ್ರ ಮಾತ್ರ ಹೋಗ್ಬೇಡಿ ಸಾರ್.”

ಅಷ್ಟು ಸಾಕಾಯಿತು. ಕಳ್ಳ ತಾನಾಗಿ ಸಿಕ್ಕಿಬಿದ್ದ.

“ಬಿಸಿಲು ಜಾಸ್ತಿ ಇದೆ, ನಾವು ಇಲ್ಲೇ ಕೂತಿರ್ತೀವಿ,” ಎಂದಳು ಹೆಂಡತಿ, ಬೆಂಚು ನೋಡುತ್ತ.

“ಕದಲಬೇಡ,” ಎಂದು ಅವನು ಹೊರಟ.

ಓನರ್ ಬೋರ್ಡು ತೂಗುತ್ತಿದ್ದ ಅದೇ ಮನೆಯ ಹಿಂಭಾಗದಲ್ಲಿ ವಾಸವಿದ್ದ ಮುದುಕಿ, ನಿವೃತ್ತ ನರ್ಸ್. ಅವಳು ಅವನನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡು ಪೂರ್ತಿ ಕೇಳಿದಳು.

“ನನಗೆ ತಮ್ಮ ಇಲ್ಲ. ಏನಾದ್ರೂ ನೆಪ ಹೇಳಪ್ಪಾ ಅಂತ ನಾನೇ ಅಂದಿದ್ದು.”

“ಯಾಕೆ?”

“ನೀವೀಗ ಇರೋ ಮನೆ ಓನರನ್ನ ವಿಚಾರಿಸ್ದೆ. ಬಾಡಿಗೆ ಸರಿಯಾಗಿ ಕೊಡ್ತಾರೆ ಅಂದ್ರು. ಆದ್ರೆ ದಿನಾ ಸಂಜೆ ನಿಮ್ಮ ಗಂಟಲು, ಅದರ ಹಿಂದೇನೇ ಮಗು ‘ತಪ್ಪಾಯ್ತು ಅಪ್ಪಾ, ತಪ್ಪಾಯ್ತು’ ಅನ್ನೋದು. ಕೆಳಗಡೆ ಮನೇಲಿ ಕೂತು ಕೇಳಿ ಕೇಳಿ ಊಟ ಸೇರಲ್ಲ ಅಂದ್ರು. ಅವರು ಮನೆ ಕೆಡವ್ತಾನೂ ಇಲ್ಲ.”

“ನಾನು ಒಂದು ದಿನವೂ ಕೈ ಎತ್ತಿಲ್ಲ.”

“ಇರಬಹುದು,” ಎಂದಳು ಮುದುಕಿ. “ಉಳಿದ ಮೂರು ಮನೆಯವರೂ ವಿಚಾರಿಸಿದ್ರಂತೆ. ಆ ದಲ್ಲಾಳಿ ನನ್ನ ಹತ್ರ ಮೂರು ಸಲ ಬಂದ, ಕೊಡಿ ಅಮ್ಮಾ ಅಂತ. ನಾನು ಒಪ್ಪಲಿಲ್ಲ. ಹಾಗಾದ್ರೆ ನಿಜವಾದ ಕಾರಣ ಹೇಳ್ಬೇಡಿ, ಗೊತ್ತಾದ್ರೆ ಮನೇಲಿ ತಾಯಿ ಮಗಳ ಮೇಲೆ ಬರುತ್ತೆ ಅಂದ.”

ಇನ್ಸ್‌ಪೆಕ್ಟರ್ ಸ್ಕೂಟರ್ ಚಾಲೂ ಮಾಡಲಿಲ್ಲ, ತಳ್ಳಿಕೊಂಡೇ ನಡೆದ. ಮೋಸದ ತಕ್ಕಡಿ ಸಿಕ್ಕಾಗ ಅಂಗಡಿಯವರ ಕಿವಿ ಕೆಂಪಾಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ, ಒಳಗೊಳಗೇ ಹಿಗ್ಗಿಯೂ ಇದ್ದ. ಈಗ ತನ್ನ ಕಿವಿ ಉರಿಯುತ್ತಿತ್ತು. ನಾಲ್ಕು ಬೀದಿಗಳಲ್ಲಿ, ನಾಲ್ಕು ಮನೆಗಳಲ್ಲಿ, ಮುಖ ಗೊತ್ತಿಲ್ಲದವರೆಲ್ಲ ಅವನನ್ನು ತೂಗಿ ನೋಡಿ ಕೆಳಗಿಟ್ಟಿದ್ದರು. ಕಿಟಕಿಯಲ್ಲಿ ಯಾರೋ ಪರದೆ ಸರಿಸಿದರೆ ತಲೆ ತಗ್ಗಿಸಿದ. ಮಗಳು ಯಾವತ್ತಾದರೂ ತನ್ನೆದುರು ಜೋರಾಗಿ ನಕ್ಕಿದ್ದಳೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಅಂಗಡಿಯಲ್ಲಿ ದಲ್ಲಾಳಿ ಒಬ್ಬನೇ ಇದ್ದ. ಬೆಂಚು ಖಾಲಿಯಿತ್ತು. ನೀರು ಕುಡಿಯಲು ಹೋಗಿರಬೇಕು, ಒಳ್ಳೆಯದೇ ಆಯಿತು, ಅವರ ಮುಂದೆ ಇದನ್ನು ಹೇಳುವುದು ಕಷ್ಟ ಎಂದುಕೊಂಡ.

“ನಾನು ಹಾಗೆ ಮಾತಾಡಬಾರದಿತ್ತು,” ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ತನ್ನದೇ ಎಂದು ಅವನಿಗೇ ಅನ್ನಿಸಲಿಲ್ಲ. “ಇನ್ನೊಂದೇ ಒಂದು ಮನೆ ನೋಡಿ. ಓನರಿಗೆ ನಾನೇ ಮಾತು ಕೊಡ್ತೀನಿ, ಇನ್ಮೇಲೆ ಹಾಗೆ ಆಗಲ್ಲ ಅಂತ.”

ದಲ್ಲಾಳಿ ಎದ್ದು ನಿಂತ. ಈ ಸಲ ಅವನಿಗೆ ಸುಳ್ಳು ಹೊಳೆಯಲಿಲ್ಲವೋ, ಹೇಳುವ ಮನಸ್ಸಾಗಲಿಲ್ಲವೋ.

“ಮನೆ ಸಿಕ್ಕಿದೆ ಸಾರ್. ಹೋದ ವಾರ ಅಮ್ಮಾವ್ರೇ ಬಂದು ಕೇಳಿದ್ರು, ಈಗಷ್ಟೇ ಮಗೂನ ಕರ್ಕೊಂಡು ಬೀಗದ ಕೈ ತಗೊಂಡು ಹೋದ್ರು. ಚಿಕ್ಕ ಮನೆ, ಇಬ್ಬರಿಗೆ ಸಾಕಾಗುತ್ತೆ.”